ಕಪಾಟಿನೊಳಗಿನ ಬೋರ್ಡು

ಕೊಪ್ಪಳದ ಗವಿಮಠದ ಜಾತ್ರೆಗೆಂದು ಈ ಸಲ ಊರಿಗೆ ಹೋದಾಗ, ಇರಕಲ್ಲಗಡದ ನಮ್ಮ ಮನೆಯ ಪಡಸಾಲೆಯಲ್ಲಿ ಅಣ್ಣನ ಮಗಳು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಸಪ್ಪಗೆ ಕೂತಿದ್ದಳು. ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗಿ. ಪಕ್ಕದ ಚಾಪೆಯ ಮೇಲೆ ಅಂಗೈಯಗಲದ ಸರ್ಕೀಟು ಬೋರ್ಡು: ಅಂಚಿಗೆ 16 ಸ್ವಿಚ್ಚು, ಅವುಗಳ ತಲೆಯ ಮೇಲೆ 16 ಎಲ್‌ಇಡಿ, 5 ಗುಂಡಿ, ನಾಲ್ಕಂಕಿ ತೋರಿಸುವ ಡಿಸ್‌ಪ್ಲೇ. ಹೆಸರು ಬೇಸಿಸ್ 3. ಹಿರಿಯ ವಿದ್ಯಾರ್ಥಿನಿಯೊಬ್ಬಳಿಂದ ರಜೆಯ ಮಟ್ಟಿಗೆ ಎರವಲು ತಂದಿದ್ದಳು.

“ಕಾಕಾ, ಬೋರ್ಡು ಕೈಯಾಗ ಐತಿ, ಸಾಫ್ಟ್‌ವೇರಿನ್ಯಾಗ ಇಲ್ಲ ನೋಡು,” ಅಂದಳು.

ಪರದೆಯ ಮೇಲೆ, ಇಂಥ ಬೋರ್ಡುಗಳಿಗೆ ಸರ್ಕೀಟು ಬರೆಯುವ ವಿವಾಡೊ ಎಂಬ ಸಾಫ್ಟ್‌ವೇರು ತೆರೆದಿತ್ತು. ಹೊಸ ಪ್ರಾಜೆಕ್ಟು ಶುರುಮಾಡುವಾಗ ಅದು ಯಾವ ಬೋರ್ಡಿಗೆ ಎಂದು ಕೇಳಿ ಒಂದು ಪಟ್ಟಿ ಮುಂದಿಡುತ್ತದೆ. ಆ ಪಟ್ಟಿಯನ್ನು ಅವಳು ಬೆಳಗಿನಿಂದ ಮೇಲೆ ಕೆಳಗೆ ಎಳೆದಾಡಿದ್ದಳು. ಮೌಸ್ ಬಿಡು, ಕೆಳಗೆ ಕಮಾಂಡು ಬರೆಯುವ ಟಿಕಲ್ ಕನ್ಸೋಲಿಗೆ ಹೋಗು ಎಂದೆ. ಗೆಟ್_ಬೋರ್ಡ್_ಪಾರ್ಟ್ಸ್ ಎಂದು ಟೈಪ್ ಮಾಡಿಸಿದೆ. ಬೋರ್ಡುಗಳ ಉದ್ದುದ್ದ ಹೆಸರುಗಳು ಒಂದಕ್ಕೊಂದು ಅಂಟಿಕೊಂಡು ಸಾಲುಗಟ್ಟಿ ಬಂದವು. ಅದೇ ಕಮಾಂಡಿನ ಮುಂದೆ ಒಂದು ನಕ್ಷತ್ರ, ಬೇಸಿಸ್ ಎಂಬ ಅಕ್ಷರಗಳು, ಮತ್ತೊಂದು ನಕ್ಷತ್ರ ಹಾಕಿಸಿದೆ. ಈ ಸಲ ಏನೂ ಬರಲಿಲ್ಲ.

ಆ ಖಾಲಿ ಉತ್ತರ ನೋಡಿದ್ದೇ ನಮ್ಮ ಕಾಲೇಜಿನ ಲ್ಯಾಬು, ಅಲ್ಲಿನ ಬೂದುಬಣ್ಣದ ಕಬ್ಬಿಣದ ಕಪಾಟು, ಅದರ ಕೀಲಿಕೈ ಗೊಂಚಲನ್ನು ಪ್ಯಾಂಟಿನ ಕಿಸೆಯಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದ ನಮ್ಮ ಸರ್, ಎಲ್ಲ ಒಟ್ಟಿಗೇ ನೆನಪಾದರು. “ಮೊದಲ ಕೇಳ್ರಿ, ಆಮ್ಯಾಲ ಒತ್ರಿ” ಅನ್ನುತ್ತಿದ್ದರು ಅವರು. ಸಾಫ್ಟ್‌ವೇರನ್ನು ಮೊದಲು ಪ್ರಶ್ನೆ ಕೇಳಬೇಕು, ಗುಂಡಿ ಒತ್ತುವುದು ಆಮೇಲೆ.

ಸರ್ ಸುದ್ದಿಗೆ ಬರುವ ಮುಂಚೆ ಇನ್ನೊಬ್ಬರ ಸುದ್ದಿ ಹೇಳಬೇಕು. ಅವರಿಲ್ಲದೆ ನನಗೆ ಈ ಪಟ್ಟಿಗಳ ವ್ಯವಹಾರ ಅರ್ಥವಾಗುತ್ತಿರಲಿಲ್ಲ.

ನಾನು ಸಣ್ಣವನಿದ್ದಾಗ ನಮ್ಮೂರಲ್ಲಿ ಒಂದು ಮೋಟಾರು ವೈಂಡಿಂಗ್ ಅಂಗಡಿ ಇತ್ತು. ಬೇಸಿಗೆ ಬಂತೆಂದರೆ ಅದರ ಮುಂದೆ ಟ್ರ್ಯಾಕ್ಟರು, ಬೈಕು, ಚಕ್ಕಡಿ ನಿಂತೇ ಇರುತ್ತಿದ್ದವು. ಬೋರ್‌ವೆಲ್ಲಿನ ನೀರು ಕೆಳಗಿಳಿದ ಹಾಗೆ, ಕರೆಂಟು ಮೇಲೆ ಕೆಳಗೆ ಆದ ಹಾಗೆ ಮೋಟಾರುಗಳು ಸುಡುತ್ತಿದ್ದವು. ಮೂರು ಫೇಸಿನಲ್ಲಿ ಒಂದು ಹೋಗಿದ್ದು ಗೊತ್ತಾಗದೆ ರಾತ್ರಿಯಿಡೀ ಓಡಿದ ಮೋಟಾರು ಬೆಳಗಾಗುವಷ್ಟರಲ್ಲಿ ಕರಕಲಾಗಿ ವಾಸನೆ ಬರುತ್ತಿತ್ತು. ರೈತರ ಮುಖದಲ್ಲಿ ಒಂದೇ ಪ್ರಶ್ನೆ: ಯಾವಾಗ ಕೊಡ್ತೀರಿ? ನೀರು ತಪ್ಪಿದರೆ ಶೇಂಗಾ, ಮೆಕ್ಕೆಜೋಳ ಯಾವುದೂ ಕಾಯುವುದಿಲ್ಲ.

ಅಂಗಡಿಯವರು ಓದಿದ್ದು ಅಷ್ಟಕ್ಕಷ್ಟೇ. ಆದರೆ ಅವರ ಬಳಿ ಕೆಂಪು ರಟ್ಟಿನ ಒಂದು ನೋಟ್‌ಬುಕ್ಕಿತ್ತು. ಕೊಯಮತ್ತೂರಿನ ಇಂಥ ಕಂಪನಿಯ ಮೋಟಾರು, ಇಷ್ಟು ಎಚ್‌ಪಿ, ಸ್ಟೇಟರಿನಲ್ಲಿ ಇಷ್ಟು ಸ್ಲಾಟು, ಒಂದೊಂದು ಕಾಯಿಲಿಗೆ ಇಷ್ಟು ಸುತ್ತು, ತಂತಿಯ ಗೇಜು ಇಷ್ಟು, ಪಿಚ್ಚು ಒಂದರಿಂದ ಆರೋ ಎಂಟೋ. ಪುಟಕ್ಕೊಂದು ಮೋಟಾರು. ಸುಟ್ಟ ಮೋಟಾರು ಬಂದ ಕೂಡಲೇ ಅವರು ಮೊದಲು ಅದರ ಹೆಸರುಪಟ್ಟಿ ಒರೆಸಿ ಓದುತ್ತಿದ್ದರು, ಆಮೇಲೆ ಪುಟ ತಿರುವುತ್ತಿದ್ದರು. ಪುಟ ಸಿಕ್ಕರೆ ಆ ಕೆಲಸ ಬೇಗ ಮುಗಿಯುತ್ತಿತ್ತು. ಸಿಗದಿದ್ದರೆ ಕಷ್ಟ. ಸುಟ್ಟ ಕಾಯಿಲನ್ನು ಕತ್ತರಿಸಿ ತೆಗೆದು, ಎಳೆ ಎಳೆಯಾಗಿ ಬಿಚ್ಚಿ, ಸುತ್ತು ಎಣಿಸಬೇಕು. ವಾರ್ನಿಷು ಸುಟ್ಟು ಎಳೆಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತಿದ್ದವು. ಎಣಿಸುವ ಕೆಲಸಕ್ಕೆ ನಮ್ಮಂಥ ಹುಡುಗರನ್ನು ಕೂರಿಸುತ್ತಿದ್ದರು. ಎಣಿಸಿ ಮುಗಿದ ಮೇಲೆ ಅವರೇ ಇನ್ನೊಮ್ಮೆ ಎಣಿಸಿ, ಎರಡೂ ಲೆಕ್ಕ ಕೂಡಿದರೆ ಮಾತ್ರ ಹೊಸ ಪುಟದಲ್ಲಿ ಬರೆಯುತ್ತಿದ್ದರು.

ಅವರು ಪ್ರೀತಿಯ ಮನುಷ್ಯ. ತಾಮ್ರದ ತಂತಿ, ಲೆದರಾಯ್ಡ್ ಕಾಗದ, ಕಟ್ಟಿಗೆಯ ಫಾರ್ಮಾ, ಯಾವುದನ್ನೂ ಮುಟ್ಟಬೇಡಿ ಅಂದವರಲ್ಲ. ನನ್ನ ಕೈಯಿಂದಲೇ ಒಂದು ಸೀಲಿಂಗ್ ಫ್ಯಾನಿನ ವೈಂಡಿಂಗ್ ಮಾಡಿಸಿ, ಅದು ತಿರುಗಿದಾಗ ಚಹಾ ತರಿಸಿ ಕುಡಿಸಿದ್ದರು. ನೋಟ್‌ಬುಕ್ಕನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ನಮ್ಮಿಂದ ಎಣಿಕೆ ಕೇಳಿಕೊಂಡು ತಾವೇ ಬರೆದು, ಮುಚ್ಚಿ, ಗಲ್ಲೆಪೆಟ್ಟಿಗೆಯೊಳಗೆ ಇಡುತ್ತಿದ್ದರು. ಅದು ಅವರ ಹೊಟ್ಟೆಪಾಡು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ನೋಟ್‌ಬುಕ್ಕಿನಿಂದ ಊರು ಕಳೆದುಕೊಂಡದ್ದೂ ಇದೆ. ಪಕ್ಕದ ಹಳ್ಳಿಯ ಅಂಗಡಿಯಲ್ಲಿ ಅದೇ ಮೋಟಾರಿನ ಕಾಯಿಲನ್ನು ಮತ್ತೊಬ್ಬ ಹುಡುಗ ಮತ್ತೆ ಮೊದಲಿನಿಂದ ಎಣಿಸುತ್ತ ಕೂತಿರುತ್ತಿದ್ದ, ಅಲ್ಲಿಯೂ ಒಬ್ಬ ರೈತ ಕಾಯುತ್ತಿರುತ್ತಿದ್ದ. ಈಗ ವೈಂಡಿಂಗ್ ಕೆಲಸದವರು ಸ್ಲಾಟು, ಸುತ್ತು, ಗೇಜನ್ನು ಮೊಬೈಲಿನಲ್ಲೇ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಾರೆ. ಅಂಗಡಿ ನಡೆಸುತ್ತಿರುವ ಅವರ ಮಗನೂ ಹಾಗೆಯೇ ಮಾಡುತ್ತಾನೆ. ಅವನ ಗಿರಾಕಿ ಕಡಿಮೆಯಾಗಿಲ್ಲ.

ಆ ಅಂಗಡಿಯ ಕಟ್ಟೆಯಿಂದ ನಾನು ಎಂಜಿನಿಯರಿಂಗ್ ಕಾಲೇಜಿಗೆ ಹೋದದ್ದು ನಮ್ಮ ಭಾಗಕ್ಕೆ ಮೀಸಲಾತಿ ತಂದ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದ ಹೊಸತರಲ್ಲಿ. ಹೈದರಾಬಾದ್ ಕರ್ನಾಟಕದ ಕನ್ನಡ ಮಾಧ್ಯಮದ ಹುಡುಗರು ಅನೇಕರು ಆ ಬಾಗಿಲಿನಿಂದ ಒಳಗೆ ಬಂದೆವು. ಎಲೆಕ್ಟ್ರಾನಿಕ್ಸ್ ಆಯ್ದುಕೊಂಡದ್ದು ತಾಮ್ರದ ತಂತಿಯ ವಾಸನೆಯ ಆಸೆಯಿಂದ. ಸಿಕ್ಕಿದ್ದು ಪರದೆ.

ಆ ಲ್ಯಾಬಿನಲ್ಲಿ ನಾವು ಕಲಿಯಬೇಕಾಗಿದ್ದದ್ದು ಎಫ್‌ಪಿಜಿಎ. ಕಾರ್ಖಾನೆಯಿಂದ ಹೊರಬಿದ್ದ ಮೇಲೂ ಒಳಗಿನ ಸರ್ಕೀಟನ್ನು ಬಳಸುವವರೇ ಬರೆದುಕೊಳ್ಳಬಹುದಾದ ಚಿಪ್ಪು ಅದು. ಇಂದು ಕೂಡುವ ಯಂತ್ರವಾಗಿದ್ದದ್ದನ್ನು ನಾಳೆ ಟ್ರಾಫಿಕ್ ಸಿಗ್ನಲ್ ನಡೆಸುವ ಯಂತ್ರವನ್ನಾಗಿ ಮಾಡಬಹುದು. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಝೈಲಿಂಕ್ಸ್ ಕಂಪನಿ ಮರುವರ್ಷ ಇಂಥ ಮೊದಲ ಚಿಪ್ಪನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದು 64 ಲಾಜಿಕ್ ಬ್ಲಾಕು. ಅಣ್ಣನ ಮಗಳ ಚಾಪೆಯ ಮೇಲಿದ್ದ ಬೋರ್ಡಿನ ಚಿಪ್ಪಿನಲ್ಲಿ 33,280 ಲಾಜಿಕ್ ಸೆಲ್ಲುಗಳಿವೆ, ಅದೂ ಕಲಿಯುವವರಿಗೆಂದೇ ಮಾಡಿದ ಸಣ್ಣ ಬೋರ್ಡು. 2022ರಲ್ಲಿ ಝೈಲಿಂಕ್ಸ್ ಕಂಪನಿಯನ್ನು ಎಎಂಡಿ ಕೊಂಡಿತು. ಝೈಲಿಂಕ್ಸ್ ಮಾಡಿದ ವಿವಾಡೊ ಎಂಬ ಈ ಸಾಫ್ಟ್‌ವೇರು ಬಂದದ್ದು 2012ರಲ್ಲಿ. ಅದಕ್ಕೂ ಹಿಂದಿನದು ಐಎಸ್‌ಇ, ನಮ್ಮ ಲ್ಯಾಬಿನ ಬಹುತೇಕ ಕಂಪ್ಯೂಟರುಗಳಲ್ಲಿ ಅದೇ ಇತ್ತು. ಸರ್ ಹಟ ಹಿಡಿದು ಕೆಲವು ಕಂಪ್ಯೂಟರುಗಳಿಗೆ ವಿವಾಡೊ ಹಾಕಿಸಿದ್ದರು.

ವಿವಾಡೊದಲ್ಲಿ ಪರದೆಯ ಮೇಲಿನ ಚಿತ್ರ ಒತ್ತಿ ಮಾಡುವ ಕೆಲಸವನ್ನೆಲ್ಲ ಟಿಕಲ್ ಎಂಬ ಭಾಷೆಯ ಕಮಾಂಡುಗಳಿಂದಲೂ ಮಾಡಬಹುದು. ಟಿಕಲ್ ಹುಟ್ಟಿದ್ದೇ ಚಿಪ್ ವಿನ್ಯಾಸದ ಮನೆಯಲ್ಲಿ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಆಸ್ಟರ್‌ಹೌಟ್ ಮತ್ತು ಅವರ ವಿದ್ಯಾರ್ಥಿಗಳು ಚಿಪ್ ವಿನ್ಯಾಸದ ತಂತ್ರಾಂಶಗಳನ್ನು ಬರೆಯುತ್ತಿದ್ದರು. ಒಂದೊಂದು ತಂತ್ರಾಂಶಕ್ಕೂ ಒಂದೊಂದು ಕಮಾಂಡ್ ಭಾಷೆ ಹೊಸದಾಗಿ ಕಟ್ಟುವುದು ಬೇಸರವಾಗಿ, ಎಲ್ಲದರೊಳಗೂ ಕೂರಿಸಬಹುದಾದ ಒಂದೇ ಪುಟ್ಟ ಭಾಷೆ ಬೇಕೆಂದು 1988ರಲ್ಲಿ ಅವರು ಅದನ್ನು ಬರೆದರು. ಇವತ್ತು ಚಿಪ್ ವಿನ್ಯಾಸದ ದೊಡ್ಡ ಕಂಪನಿಗಳ ಸಾಫ್ಟ್‌ವೇರುಗಳಲ್ಲಿ ಬಹುಪಾಲು ಅದೇ ಭಾಷೆಯಲ್ಲಿ ಮಾತು ಕೇಳುತ್ತವೆ. ಸಿನಾಪ್ಸಿಸ್‌ಗೆ ಹೋಗಿ, ಕೇಡೆನ್ಸ್‌ಗೆ ಹೋಗಿ, ಟಿಕಲ್ ಬಂದರೆ ಅರ್ಧ ದಾರಿ ಬಂದ ಹಾಗೆ. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗ ಹುಡುಗಿಯರ ಅನ್ನದಲ್ಲಿ ಈ ಭಾಷೆಯ ಪಾಲು ದೊಡ್ಡದು.

ಇದನ್ನು ಆಗಲೇ ಕಂಡಿದ್ದವರು ನಮ್ಮ ಸರ್. ನಿಯಮದ ಪ್ರಕಾರ ಪಾಠ ಇಂಗ್ಲಿಷಿನಲ್ಲಿ ನಡೆಯಬೇಕಿತ್ತು. ಅವರು ಕಮಾಂಡನ್ನು ಇಂಗ್ಲಿಷಿನಲ್ಲಿ ಕರಿಹಲಗೆಯ ಮೇಲೆ ಬರೆದು ಅರ್ಥವನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಆ ಲ್ಯಾಬಿನಲ್ಲಿ ನನ್ನಂಥವರು ತಲೆಯೆತ್ತಿ ಕೂತದ್ದು ಅದರಿಂದಲೇ. ಗೆಟ್_ಬೋರ್ಡ್_ಪಾರ್ಟ್ಸ್ ಎಂದರೆ “ನಿನಗ ಯಾವ್ಯಾವ ಬೋರ್ಡು ಗೊತ್ತು, ಹೇಳು” ಎಂದು ಕೇಳಿದ ಹಾಗೆ. ಉತ್ತರ ಒಟ್ಟಿಗೇ ಉರುಳಿಬಂದರೆ ಓದಲಾಗುವುದಿಲ್ಲ, ಹಾಗಾಗಿ ಜಾಯಿನ್ ಎಂಬ ಕಮಾಂಡಿನೊಳಗೆ ಅದನ್ನು ಇಟ್ಟು ಸಾಲಿಗೊಂದು ಹೆಸರು ಬರುವ ಹಾಗೆ ಮಾಡಬೇಕು. ಪಟ್ಟಿ ಉದ್ದವಾದರೆ ನಕ್ಷತ್ರ ಹಾಕಿ ಸೋಸಬೇಕು, ಇಲ್ಲವೇ ಫಿಲ್ಟರ್ ಎಂದು ಬರೆದು ಹೆಸರು ಹೀಗಿರುವವು ಮಾತ್ರ ಬರಲಿ ಎನ್ನಬೇಕು. ಒಂದು ಬೋರ್ಡಿನ ಬಗ್ಗೆ ಎಲ್ಲವೂ ಬೇಕೆಂದರೆ ರಿಪೋರ್ಟ್_ಪ್ರಾಪರ್ಟಿ. ಕಮಾಂಡೇ ಮರೆತಿದ್ದರೆ ಹೆಲ್ಪ್ ಎಂದು ಅದನ್ನೇ ಕೇಳಬೇಕು. ಬರುವ ಹೆಸರನ್ನು ಓದುವುದನ್ನೂ ಕಲಿಸಿದರು. ಡಿಜಿಲೆಂಟ್‌ಇಂಕ್.ಕಾಂ:ಬೇಸಿಸ್3:ಪಾರ್ಟ್0:1.1 ಎಂದಿದ್ದರೆ ಮೊದಲನೆಯದು ಬೋರ್ಡು ಮಾಡಿದವರು, ಎರಡನೆಯದು ಬೋರ್ಡಿನ ಹೆಸರು, ಮೂರನೆಯದು ಅದರ ಮೇಲಿನ ಚಿಪ್ಪನ್ನು ಸೂಚಿಸುವ ಭಾಗ, ಕೊನೆಯದು ವಿವರಣೆಯ ಆವೃತ್ತಿ. ಮಾಡಿದವರ ಹೆಸರು, ಮನೆತನ, ಎಲ್ಲ ಒಂದೇ ಸಾಲಿನಲ್ಲಿ.

ಮೊದಲ ಪ್ರಶ್ನೆಯ ಬೆನ್ನಿಗೇ ಅವರು ಎರಡನೆಯದನ್ನೂ ಬರೆಸುತ್ತಿದ್ದರು. ಹಾರ್ಡ್‌ವೇರ್ ಮ್ಯಾನೇಜರ್ ತೆರೆ, ಕನೆಕ್ಟ್_ಎಚ್‌ಡಬ್ಲ್ಯೂ_ಸರ್ವರ್ ಅನ್ನು, ಆಮೇಲೆ ಗೆಟ್_ಎಚ್‌ಡಬ್ಲ್ಯೂ_ಟಾರ್ಗೆಟ್ಸ್. ಇದು ಬೇರೆಯೇ ಪ್ರಶ್ನೆ. “ಈಗ ತಂತಿ ತುದಿಗೆ ಖರೇನ ಏನೈತಿ?” ಮೊದಲನೆಯದು ಡಿಸ್ಕಿನ ಮೇಲಿರುವ ಕಡತಗಳನ್ನು ಓದಿ ಉತ್ತರ ಕೊಡುತ್ತದೆ, ಅದಕ್ಕೆ ಬೋರ್ಡು ಕೋಣೆಯಲ್ಲಿ ಇರಲೇಬೇಕೆಂದಿಲ್ಲ. ಎರಡನೆಯದು ಯುಎಸ್‌ಬಿ ತಂತಿಯ ಮೂಲಕ ಬೋರ್ಡನ್ನೇ ತಟ್ಟಿ ಮಾತಾಡಿಸುತ್ತದೆ. ಎರಡರ ನಡುವಿನ ಭೇದವನ್ನು ಇಷ್ಟು ಸ್ಪಷ್ಟವಾಗಿ ಹೇಳಿಕೊಟ್ಟವರನ್ನು ಆಮೇಲೆ ಬೆಂಗಳೂರಿನಲ್ಲೂ ನಾನು ಕಾಣಲಿಲ್ಲ. ಅನುಭವಿ ಎಂಜಿನಿಯರುಗಳೂ ಪಟ್ಟಿಯಲ್ಲಿ ಬೋರ್ಡಿನ ಹೆಸರು ಕಂಡು ಸಂಪರ್ಕ ಸರಿಯಿದೆ ಎಂದುಕೊಳ್ಳುವುದನ್ನು ನೋಡಿದ್ದೇನೆ.

ನಮ್ಮ ಲ್ಯಾಬಿನಲ್ಲಿ ಮೊದಲ ಪ್ರಶ್ನೆಗೆ ದೊಡ್ಡ ಪಟ್ಟಿ ಬರುತ್ತಿತ್ತು. ಅದರಲ್ಲಿ ಝೆಡ್‌ಬೋರ್ಡ್ ಎಂಬ ಹೆಸರೂ ಇರುತ್ತಿತ್ತು. ಎರಡನೆಯ ಪ್ರಶ್ನೆಗೆ ಪ್ರತಿ ವಾರವೂ ಒಂದೇ ಉತ್ತರ: ಟಾರ್ಗೆಟ್ ಯಾವುದೂ ಸಿಗಲಿಲ್ಲ. ಝೆಡ್‌ಬೋರ್ಡ್ ಒಂದೇ ಒಂದು ನಮ್ಮ ಕಾಲೇಜಿನಲ್ಲಿ ಇತ್ತು, ಆ ಕಪಾಟಿನೊಳಗೆ. ಡಬ್ಬಿ ಸಮೇತ. ಅದನ್ನು ಒಂದು ಸಲ ಸರ್ ಹೊರತೆಗೆದು, ಪ್ಲಾಸ್ಟಿಕ್ ಮುಚ್ಚಳ ತೆರೆದು, ದೂರದಿಂದ ತೋರಿಸಿದ್ದರು. ಹಿಂದಿನ ಬೆಂಚಿನವರು ನಿಂತು ನೋಡಿದೆವು. ಮತ್ತೆ ಒಳಗೆ ಹೋಯಿತು, ಕೀಲಿ ಬಿತ್ತು. ಸರ್ಕೀಟು ಬರೆಯುವ ವೆರಿಲಾಗ್ ಭಾಷೆಯಲ್ಲಿ ನಾವು ಬರೆದ ಕೋಡೆಲ್ಲ ಸಿಮ್ಯುಲೇಶನ್ನಿನ ಅಲೆಗಳಾಗಿ ಪರದೆಯ ಮೇಲೆ ಏರಿಳಿದು, ಪ್ರಿಂಟಾಗಿ, ರೆಕಾರ್ಡ್ ಬುಕ್ಕಿಗೆ ಅಂಟಿ, ಸಹಿಯಾಗಿ ಮುಗಿಯಿತು. ತಾನು ಬರೆದ ನಾಲ್ಕು ಸಾಲಿನಿಂದ ಒಂದು ಎಲ್‌ಇಡಿ ಹತ್ತಿದ್ದನ್ನು ನೋಡದೆಯೇ ನಮ್ಮ ಬ್ಯಾಚು ಪದವಿ ಪಡೆಯಿತು.

ಬಹಳ ವರ್ಷ ನಾನು ಸರ್ ಬಗ್ಗೆ ಒಳ್ಳೆಯದನ್ನಷ್ಟೇ ಹೇಳುತ್ತಿದ್ದೆ. ಅವರು ಕೊಟ್ಟದ್ದು ಅಷ್ಟು ದೊಡ್ಡದು. ಆದರೆ ಕಪಾಟಿನ ಲೆಕ್ಕವನ್ನೂ ಹೇಳದಿದ್ದರೆ ನನ್ನ ಜೊತೆ ಓದಿದವರಿಗೆ ಅನ್ಯಾಯವಾಗುತ್ತದೆ. ಹಟ್ಟಿಯಿಂದ, ತಾಂಡಾದಿಂದ ಬಂದಿದ್ದ ಹುಡುಗರಿದ್ದರು, ಯಲಬುರ್ಗಾ ಕುಷ್ಟಗಿ ಕಡೆಯ ಒಣಬೇಸಾಯದ ಮನೆಗಳಿಂದ ಬಂದ ಹುಡುಗಿಯರಿದ್ದರು. ಮನೆಯಲ್ಲಿ ಸ್ಟಾರ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಉಜ್ಜಿ ಜೋಡಿಸುತ್ತಿದ್ದ ಕೈಗಳು ಅವು. ಕಾಲೇಜಿಗೆ ಬಂದು ಆ ಕೈಗಳಿಗೆ ಕೆಲಸವೇ ಇಲ್ಲದಾಯಿತು. ಇಂಟರ್‌ವ್ಯೂಗಳಲ್ಲಿ “ಯಾವ ಬೋರ್ಡಿನ ಮೇಲೆ ಕೆಲಸ ಮಾಡಿದ್ದೀರಿ?” ಎಂದು ಕೇಳಿದಾಗ ಎಷ್ಟೋ ಮಂದಿ ಅಲ್ಲಿಗೇ ನಿಂತರು. ಕೆಲವರು ಬ್ಯಾಂಕಿಗೆ, ಕೆಲವರು ಪೊಲೀಸ್ ಇಲಾಖೆಗೆ, ಒಬ್ಬ ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕಕ್ಕೆ. ಆ ಕೆಲಸಗಳು ಕಡಿಮೆಯವಲ್ಲ. ಆದರೆ ಅವರು ಹೋಗಬೇಕೆಂದಿದ್ದ ಕಡೆ ಅದಲ್ಲ.

ವೈಂಡಿಂಗ್ ಅಂಗಡಿಯಲ್ಲಿ ಯಂತ್ರವನ್ನು ಮುಟ್ಟಲು ಬಿಟ್ಟು ಪುಸ್ತಕ ಮುಚ್ಚಿಟ್ಟರು. ಲ್ಯಾಬಿನಲ್ಲಿ ಪುಸ್ತಕ ತೆರೆದಿಟ್ಟು ಯಂತ್ರಕ್ಕೆ ಕೀಲಿ ಹಾಕಿದರು. ಎರಡು ಕಡೆಯೂ ನನ್ನನ್ನು ಪ್ರೀತಿಸಿದವರೇ ಹಾಗೆ ಮಾಡಿದ್ದು, ಮತ್ತು ಎರಡು ಕಡೆಯೂ ಅರ್ಧವಷ್ಟೇ ಕಲಿಯಲು ಸಿಕ್ಕಿತು.

ಬೆಂಗಳೂರಿನ ಮೊದಲ ಕೆಲಸದಲ್ಲಿ ನನ್ನ ಮುಂದೆ ಬಂದ ಬೋರ್ಡು ಯಾವ ಪಟ್ಟಿಯಲ್ಲೂ ಇರಲಿಲ್ಲ. ಆ ಕಂಪನಿಯೇ ವಿನ್ಯಾಸ ಮಾಡಿ ಮಾಡಿಸಿದ್ದು. ವಿವಾಡೊವನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತಿತ್ತು, ಗೊತ್ತಿರುವುದಾದರೂ ಹೇಗೆ? ಅದರ ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬೋರ್ಡು ಪಟ್ಟಿಯಲ್ಲಿ ಕಾಣಬೇಕಾದರೆ ಅದಕ್ಕೊಂದು ಫೋಲ್ಡರು, ಅದರೊಳಗೆ ಕೆಲವು ಎಕ್ಸ್‌ಎಂಎಲ್ ಕಡತ. ಬೋರ್ಡ್ ಎಂಬ ಕಡತದಲ್ಲಿ ಬೋರ್ಡಿನ ಹೆಸರು, ಮಾಡಿದವರು, ಆವೃತ್ತಿ, ಮೇಲಿರುವ ಚಿಪ್ಪು ಯಾವುದು, ಏನೇನು ಬಿಡಿಭಾಗಗಳಿವೆ, ಅವು ಹೇಗೆ ಜೋಡಣೆಯಾಗಿವೆ ಎಂಬುದು. ಪಿನ್ನುಗಳ ಕಡತದಲ್ಲಿ ಯಾವ ಭಾಗ ಚಿಪ್ಪಿನ ಯಾವ ಕಾಲಿಗೆ ಸೇರಿದೆ ಎಂಬುದು. ಪ್ರೀಸೆಟ್ ಕಡತದಲ್ಲಿ ಗಡಿಯಾರ, ಮೆಮೊರಿ ಇಂಥವುಗಳ ಹೊಂದಾಣಿಕೆ. ಬೇಸಿಸ್ 3ರಲ್ಲಿ 100 ಮೆಗಾಹರ್ಟ್ಸ್ ಗಡಿಯಾರ ಡಬ್ಲ್ಯೂ5 ಎಂಬ ಕಾಲಿಗೆ ಬರುತ್ತದೆ, ಮೊದಲ ಸ್ವಿಚ್ಚು ವಿ17ಕ್ಕೆ, ಮೊದಲ ಎಲ್‌ಇಡಿ ಯು16ಕ್ಕೆ. ಒಂದು ಅಕ್ಷರ ತಪ್ಪಿದರೆ ದೀಪ ಹತ್ತುವುದಿಲ್ಲ.

ನಕ್ಷೆ ಮುಂದಿಟ್ಟುಕೊಂಡು ಒಂದೊಂದೇ ಕಾಲು ಗುರುತು ಹಾಕುತ್ತ ಕೂತಾಗ ನಮ್ಮೂರಿನ ಕೆಂಪು ರಟ್ಟಿನ ನೋಟ್‌ಬುಕ್ಕು ಕಣ್ಣೆದುರು ಬಂತು. ಬಿಚ್ಚಿ, ಎಣಿಸಿ, ಇನ್ನೊಬ್ಬರಿಂದ ಎಣಿಕೆ ಮಾಡಿಸಿ, ಆಮೇಲಷ್ಟೇ ಪುಟಕ್ಕೆ ಏರಿಸುವ ಆ ಶಿಸ್ತು ನನಗೆ ಕಾಲೇಜು ಕಲಿಸಿದ್ದಲ್ಲ. ನಾನೂ ಪಕ್ಕದ ಸಹೋದ್ಯೋಗಿಯನ್ನು ಕರೆದು ಒಂದೊಂದು ಸಾಲು ಓದಿಸಿ ತಾಳೆ ನೋಡಿದೆ. ಕಡತ ಸರಿಯಾದ ದಿನ ಗೆಟ್_ಬೋರ್ಡ್_ಪಾರ್ಟ್ಸ್ ಎಂದರೆ ಎಲ್ಲ ದೊಡ್ಡ ಹೆಸರುಗಳ ನಡುವೆ ನಮ್ಮ ಬೋರ್ಡಿನ ಹೆಸರೂ ಬಂತು. ಆ ಖುಷಿಗೆ ಊರಿನ ಆ ಚಹಾ ಒಂದಿದ್ದರೆ ಚೆನ್ನಿತ್ತು.

ಈ ಕಡತಗಳು ಈಗ ಬಹುಮಟ್ಟಿಗೆ ಬಯಲಲ್ಲಿವೆ ಎಂಬುದು ನನಗೆ ದೊಡ್ಡ ಸಮಾಧಾನ. ಬೋರ್ಡು ಮಾಡುವವರು ಅವನ್ನು ಗಿಟ್‌ಹಬ್‌ನಲ್ಲಿ ಇಡುತ್ತಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಹೊಸ ವಿವಾಡೊಗಳಲ್ಲಿ ಇಂಟರ್‌ನೆಟ್ ಇದ್ದರೆ ಸಾಫ್ಟ್‌ವೇರಿನೊಳಗಿಂದಲೇ ಅವನ್ನು ತರಿಸಿಕೊಳ್ಳುವ ಅಂಗಡಿಯೂ ಇದೆ.

ಅಣ್ಣನ ಮಗಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಹಳೆಯ ಆವೃತ್ತಿ, ಕಾಲೇಜಿನಲ್ಲಿ ಯಾರೋ ಹಾಕಿಕೊಟ್ಟಿದ್ದು. ಹತ್ತಾರು ಜಿಬಿಯ ಹೊಸದನ್ನು ಊರಿನ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸುವ ಮಾತೇ ಇಲ್ಲ. ಬೋರ್ಡ್ ಕಡತಗಳು ಸಣ್ಣವು, ಅವನ್ನು ಇಳಿಸಿಕೊಂಡೆವು. ಬೋರ್ಡಿನ ಕಡತ ಇಲ್ಲದೆಯೂ ಕೆಲಸ ಮಾಡಬಹುದು ಎಂದು ಅವಳಿಗೆ ಮೊದಲೇ ಹೇಳಿದೆ: ಗೆಟ್_ಪಾರ್ಟ್ಸ್‌ನಿಂದ ಚಿಪ್ಪನ್ನು ನೇರವಾಗಿ ಆಯ್ದು, ಕಾಲುಗಳ ಪಟ್ಟಿಯನ್ನು ಬೇರೆ ಕಡತದಲ್ಲಿ ಕೊಟ್ಟರಾಯಿತು. ಅವಳಿಗೆ ಹೆಸರೇ ಬೇಕಿತ್ತು. ಇಳಿಸಿದ ಫೋಲ್ಡರನ್ನು ಅವಳ ಕಂಪ್ಯೂಟರಿನ ಒಂದು ಜಾಗದಲ್ಲಿಟ್ಟು, ವಿವಾಡೊ ಶುರುವಾಗುವಾಗ ಓದುವ ವಿವಾಡೊ_ಇನಿಟ್ ಎಂಬ ಕಡತದಲ್ಲಿ ಒಂದು ಸಾಲು ಬರೆದೆವು: ಸೆಟ್_ಪ್ಯಾರಾಮ್ ಬೋರ್ಡ್.ರೆಪೊಪಾತ್ಸ್, ಮುಂದೆ ಆ ಫೋಲ್ಡರಿನ ದಾರಿ. ಮುಚ್ಚಿ ತೆರೆದು ನಕ್ಷತ್ರ ಹಾಕಿ ಮತ್ತೆ ಕೇಳಿದಳು. ಒಂದು ಸಾಲು ಬಂತು. ತಾನೇ ಜೋರಾಗಿ ಓದಿದಳು, ಮಾಡಿದವರಿಂದ ಆವೃತ್ತಿಯವರೆಗೆ.

ಎರಡನೆಯ ಪ್ರಶ್ನೆ ಕೇಳಿಸಿದೆ. ಬೋರ್ಡಿನ ಕೆಂಪು ದೀಪ ಹತ್ತಿದೆ, ಟಾರ್ಗೆಟ್ ಮಾತ್ರ ಇಲ್ಲ. ಇಲ್ಲಿ ಬಹಳ ಜನ ಡ್ರೈವರ್ ಅಳಿಸಿ ಹಾಕುತ್ತ ಕೂರುತ್ತಾರೆ. ತಂತಿ ನೋಡಿದೆ, ಮೊಬೈಲ್ ಚಾರ್ಜಿಗಷ್ಟೇ ಬರುವ ಅಗ್ಗದ ತಂತಿ. ಅದರೊಳಗೆ ವಿದ್ಯುತ್ತಿನ ಎಳೆಗಳಿವೆ, ಮಾಹಿತಿಯ ಎಳೆಗಳಿಲ್ಲ. ಅಣ್ಣನ ಹಳೆಯ ಫೋನಿನ ಜೊತೆ ಬಂದ ತಂತಿ ಹಾಕಿದ್ದೇ ಟಾರ್ಗೆಟ್ ಕಂಡಿತು. ಅದನ್ನು ತೆರೆದು ಗೆಟ್_ಎಚ್‌ಡಬ್ಲ್ಯೂ_ಡಿವೈಸಸ್ ಎಂದರೆ ಎಕ್ಸ್‌ಸಿ7ಎ35ಟಿ_0 ಎಂದು ಚಿಪ್ಪೇ ಹೆಸರು ಹೇಳಿತು. ಸ್ವಲ್ಪ ಹೊತ್ತಿಗೆ ಅವಳು ಒಂದು ಸ್ವಿಚ್ಚು ಸರಿಸಿದಳು, ಅದರ ಮೇಲಿನ ಎಲ್‌ಇಡಿ ಹತ್ತಿತು. ಅಡುಗೆಮನೆಯಿಂದ ಅವ್ವ ಬಂದು ನೋಡಿ, ಇಷ್ಟಕ್ಕ ಮುಂಜಾನಿಂದ ಕುಂತಿದ್ರೇನ, ಅಂದಳು. ಹುಡುಗಿ ಅಜ್ಜಿಯ ಬೆರಳು ಹಿಡಿದು ಇನ್ನೊಂದು ಸ್ವಿಚ್ಚು ಸರಿಸಿದಳು.

ಮರುದಿನ ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿದ್ದಾರೆ, ದನಿ ಅದೇ. ಹುಡುಗಿಯ ಸುದ್ದಿ ಹೇಳಿದೆ, ಅವರ ಎರಡು ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಅವಳಿಗೆ ಕಲಿಸಿದೆ ಎಂದೆ. ಖುಷಿಪಟ್ಟರು. ಆಮೇಲೆ, ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಕೇಳಿದೆ: ಝೆಡ್‌ಬೋರ್ಡನ್ನು ಯಾಕೆ ಹೊರಗೆ ತೆಗೆಯಲಿಲ್ಲ ಸರ್?

ಅವರು ಅದಕ್ಕೆ ಸಿಟ್ಟಾಗಲಿಲ್ಲ. ಆ ಬೋರ್ಡು ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಅವರ ಸಹಿಯ ಮುಂದೆ ಇತ್ತು. ಒಂದು ಕಾಲು ಮುರಿದರೂ, ಒಂದು ಚಿಪ್ಪು ಸುಟ್ಟರೂ ಬರೆದು ಕೊಡಬೇಕು, ಬರೆದುಕೊಟ್ಟದ್ದನ್ನು ಒಪ್ಪುವವರಿಲ್ಲ, ಕೊನೆಗೆ ಸಂಬಳದಿಂದ ಹಿಡಿಯುತ್ತಾರೆ. ಅವರಿಗಿಂತ ಮುಂಚೆ ಆ ಲ್ಯಾಬು ನೋಡಿಕೊಳ್ಳುತ್ತಿದ್ದವರಿಗೆ ಹಾಗೆ ಆಗಿತ್ತಂತೆ, ಒಂದು ಹಳೆಯ ಆಸಿಲೋಸ್ಕೋಪಿನ ದೆಸೆಯಿಂದ. ಆಗ ಅವರ ಮನೆಯಲ್ಲಿ ಇಬ್ಬರು ಮಕ್ಕಳ ಫೀಸು ಇತ್ತು. “ನೀವು ಮುರೀತೀರಿ ಅನ್ನೋ ಹೆದರಿಕಿ ಇರಲಿಲ್ಲಪಾ. ಮುರದ್ರ ನಿಮ್ಮ ಪರವಾಗಿ ನಿಲ್ಲಾಕ ನನಗ ಆಗ್ತಿರಲಿಲ್ಲ,” ಅಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಲಿಯುವ ಸಾಮಾನು ಸವೆಯುತ್ತದೆ, ಮುರಿಯುತ್ತದೆ, ಮುರಿಯಲೆಂದೇ ಕೊಳ್ಳಬೇಕು. ಮುರಿದದ್ದರ ಲೆಕ್ಕವನ್ನು ಕಲಿಸುವವನ ಜೇಬಿಗೆ ಕಟ್ಟುವ ಪದ್ಧತಿ ಎಲ್ಲಿದೆಯೋ ಅಲ್ಲೆಲ್ಲ ಒಂದು ಕಪಾಟು ಕೀಲಿ ಹಾಕಿಕೊಂಡಿರುತ್ತದೆ. ಅಷ್ಟು ತಿಳಿದ ಮೇಲೂ ಸರ್‌ಗೆ ಹೇಳಿದೆ, ಆದರೂ ತೆಗೆಯಬೇಕಾಗಿತ್ತು ಸರ್, ಒಂದು ಸಲವಾದರೂ ಎಲ್ಲರ ಕೈಗೆ ಕೊಡಬೇಕಾಗಿತ್ತು. “ಹೌದು, ತೆಗೀಬೇಕಿತ್ತು,” ಅಂದರು.

ಆಮೇಲೆ ನಾವು ಹಾರ್ಡ್‌ವೇರ್ ಸರ್ವರಿನ ಸುದ್ದಿಗೆ ಬಂದೆವು. ಬೋರ್ಡು ಕಟ್ಟಿದ ಒಂದು ಕಂಪ್ಯೂಟರಿನಲ್ಲಿ ಎಚ್‌ಡಬ್ಲ್ಯೂ_ಸರ್ವರ್ ಓಡುತ್ತಿದ್ದರೆ ಸಾಕು, ಲ್ಯಾಬಿನ ಬೇರೆ ಯಾವ ಕಂಪ್ಯೂಟರಿನಿಂದಲೂ ಕನೆಕ್ಟ್_ಎಚ್‌ಡಬ್ಲ್ಯೂ_ಸರ್ವರ್ ಕಮಾಂಡಿಗೆ ಅದರ ವಿಳಾಸ ಕೊಟ್ಟು ಎರಡನೆಯ ಪ್ರಶ್ನೆ ಕೇಳಬಹುದು. ಅದೇ ಕಮಾಂಡು, ಮುಂದೆ ಒಂದು ವಿಳಾಸ ಹೆಚ್ಚು. ಬೋರ್ಡು ಕಪಾಟಿನೊಳಗೇ ಇರಲಿ, ಬೆನ್ನಿಗೊಂದು ತೂತು ಕೊರೆದು ತಂತಿ ಎಳೆದರೂ ನಡೆಯುತ್ತದೆ. ಇದು ನಮ್ಮ ಕಾಲದ ವಿವಾಡೊದಲ್ಲೂ ಇತ್ತು, ನಮಗ್ಯಾರಿಗೂ ಹೊಳೆದಿರಲಿಲ್ಲ. ಒಬ್ಬರ ಡಿಸೈನು ಇಳಿಸಿದರೆ ಹಿಂದಿನವರದು ಅಳಿಸಿಹೋಗುತ್ತದೆ, ಹಾಗಾಗಿ ಪಾಳಿ ಹಚ್ಚಬೇಕು. ಸ್ವಿಚ್ಚು ಸರಿಸುವ ಸುಖ ಸಿಗುವುದಿಲ್ಲ. ಎಲ್‌ಇಡಿ ನೋಡಲು ಒಂದು ಅಗ್ಗದ ಕ್ಯಾಮೆರಾ ಬೇಕು.

ಸರ್ ನಡುವೆ ತಡೆದರು. “ಪೋರ್ಟ್ ನಂಬರ್ ಎಷ್ಟು?”

3121 ಎಂದೆ. ಈಗ ಆ ಲ್ಯಾಬಿನಲ್ಲಿರುವವನು ತಮ್ಮ ಹಳೆಯ ವಿದ್ಯಾರ್ಥಿಯೇ, ಸೋಮವಾರ ಅವನನ್ನು ಕಂಡು ಮಾತಾಡುತ್ತೇನೆ, ಕಪಾಟು ಇನ್ನೂ ಅಲ್ಲೇ ಇದೆ, ಕೊರೆಯುವ ಮುಂಚೆ ಅದಕ್ಕೂ ರಜಿಸ್ಟರಿನಲ್ಲಿ ಯಾರ ಸಹಿ ಇದೆಯೋ ನೋಡಬೇಕು, ಅಂದರು. ಕ್ಯಾಮೆರಾ ನಾನು ಕಳಿಸುತ್ತೇನೆ ಎಂದೆ.